ಮೈನಾ ಕಂಪ್ಯೂಟರ್ ಮಾಡಿದವರು

"ಗುರುಗಳೇ, ಆಧಾರವಿಲ್ಲದ ಮಾತನ್ನು ನಂಬಬೇಡ ಎಂದು ನೀವೇ ಹೇಳಿದಿರಿ. ಎದುರಿಗೆ ಕೂತ ಮನುಷ್ಯ ತನ್ನ ವಿಷಯವನ್ನು ತಾನೇ ಹೇಳಿದರೆ, ಅದು ಆಧಾರವೋ ಅಲ್ಲವೋ?" ಎಂದು ಶಿಷ್ಯ ಕೇಳಿದ.

ಗುರುಗಳು ಹಣೆ ಉಜ್ಜಿಕೊಂಡರು. "ಒಳ್ಳೇ ಪೇಚಿಗೆ ಸಿಕ್ಕಿಸಿದೆಯಲ್ಲಯ್ಯಾ! ನನಗೂ ನೆಟ್ಟಗೆ ಗೊತ್ತಿಲ್ಲ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ" ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಔಷಧಿ ಅಂಗಡಿಯವನಿದ್ದ. ಡಾಕ್ಟರ ಚೀಟಿ ಇಲ್ಲದೆ ಒಂದು ಮಾತ್ರೆಯನ್ನೂ ಕೊಡದ ಆಸಾಮಿ. ಅವನಿಗೊಂದು ಹುಚ್ಚು. ನಲವತ್ತು ವರ್ಷದ ಹಿಂದೆ ಜನ ಮನೆಯ ಟಿವಿಗೆ ಸಿಕ್ಕಿಸಿಕೊಂಡು ಬಳಸುತ್ತಿದ್ದ ಪುಟ್ಟ ಕಂಪ್ಯೂಟರುಗಳೆಂದರೆ ಅವನಿಗೆ ಪ್ರಾಣ. ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶವೊಂದು ಅಂತರ್ಜಾಲದಲ್ಲಿತ್ತು. ಅಂಥದೇ ಹುಚ್ಚಿನ ನಾಲ್ಕಾರು ಜನರ ಜೊತೆ ಸೇರಿ ಅದರಲ್ಲಿ ಆ ಕಂಪ್ಯೂಟರುಗಳ ಬಗ್ಗೆ ಬರೆಯುತ್ತಿದ್ದ. ಅಲ್ಲೊಂದು ಕಟ್ಟುಪಾಡು. ಅಚ್ಚಾದ ಆಧಾರವಿದ್ದರೆ ಮಾತ್ರ ಬರೆಯಬೇಕು. ತಾನು ಕಂಡದ್ದು, ತನಗೆ ಗೊತ್ತಿರುವುದು ನಡೆಯದು.

ಒಮ್ಮೆ ಅವನು 'ಮೈನಾ' ಎಂಬ ಕಂಪ್ಯೂಟರಿನ ಬಗ್ಗೆ ಬರೆದ. ಹಳೆಯ ಜಾಹೀರಾತಿನಲ್ಲಿ ಕೋಟು ತೊಟ್ಟ ಒಬ್ಬರು ಅದರ ಪಕ್ಕ ನಿಂತಿದ್ದರು. ಕೆಳಗೆ ವರದಾಚಾರ್ ಎಂಬ ಹೆಸರಿತ್ತು. ಮೈನಾ ಮಾಡಿದವರು ಇವರೇ ಇರಬೇಕು ಎಂದುಕೊಂಡ. ಬರೆಯುವಾಗ 'ಇರಬೇಕು' ಎಂಬುದನ್ನು ಬಿಟ್ಟುಬಿಟ್ಟ.

ಎರಡು ವರ್ಷದ ಮೇಲೆ ವಿಮಲಾಕ್ಷಿ ಎಂಬ ಅಜ್ಜಿ, ಅದನ್ನು ಬರೆದವನು ಯಾರೆಂದು ವಿಚಾರಿಸಿಕೊಂಡು ಅಂಗಡಿಗೆ ಬಂದರು. "ಮೈನಾ ಮಾಡಿದವಳು ನಾನಪ್ಪ. ವರದಾಚಾರ್ ನಮ್ಮ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಫೋಟೋ ತೆಗೆಯುವ ದಿನ ಕೋಟು ಇದ್ದದ್ದು ಅವರೊಬ್ಬರ ಹತ್ತಿರವೇ. ನೀನು ಬರೆದದ್ದನ್ನು ಓದಿ ನನ್ನ ಮೊಮ್ಮಕ್ಕಳು, ಅಜ್ಜಿ ಬುರುಡೆ ಬಿಡ್ತಾಳೆ ಅಂತ ನಗುತ್ತವೆ. ನಾನಿರುವಾಗಲೇ ಆ ಒಂದು ಸಾಲು ಸರಿಮಾಡಿಬಿಡು" ಎಂದರು.

ಮೈನಾದ ಒಳಗಿನ ಒಂದೊಂದು ಭಾಗದ ಬಗ್ಗೆಯೂ ಅವನು ಕೇಳಿದ. ಆಕೆ ಎಲ್ಲೂ ತಡವರಿಸಲಿಲ್ಲ. ಅವನಿಗೆ ಪೂರ್ತಿ ನಂಬಿಕೆ ಬಂತು. "ಅಮ್ಮಾ, ಇದು ಎಲ್ಲಾದರೂ ಅಚ್ಚಾಗಿದೆಯೇ?" ಎಂದ.

"ನಾನೇ ಬಂದು ನಿಂತಿದ್ದೀನಲ್ಲಪ್ಪ!" ಎಂದರು ಆಕೆ.

ಅವನು ಲೇಖನ ತೆರೆದು ನೋಡಿದ. ಆ ಸಾಲಿಗೆ ಈಗ ಒಂದು ಆಧಾರವೂ ಬಂದು ಕೂತಿತ್ತು. ಯಾವುದೋ ಪತ್ರಿಕೆ ವರದಾಚಾರರ ಹೆಸರು ಹಾಕಿತ್ತು, ಗೆಳೆಯನೊಬ್ಬ ಅದನ್ನು ತಂದು ಕೆಳಗೆ ಅಂಟಿಸಿದ್ದ. ಪತ್ರಿಕೆಯವರಿಗೆ ಹೇಳಿದವರು ಯಾರು? ಇವನ ಲೇಖನವೇ! ಅದು ನನ್ನ ಊಹೆಯಾಗಿತ್ತು ಕಣ್ರಯ್ಯಾ ಎಂದು ಅವನು ಗೆಳೆಯರಿಗೆ ಬರೆದ. ಊಹೆಯಾಗಿತ್ತು ಎನ್ನುವುದಕ್ಕೆ ಆಧಾರವೇನು ಎಂದು ಅವರು ಕೇಳಿದರು. ಪಾಪ, ಅವನ ತಲೆ ಗಿರ್ರೆಂದಿತು. ಕಟ್ಟುಪಾಡು ತಪ್ಪೆನ್ನಲು ಅವನಿಗೆ ಮನಸ್ಸು ಬರಲಿಲ್ಲ. ಆಕೆಯ ಮಾತು ಸುಳ್ಳೆನ್ನಲೂ ಬರಲಿಲ್ಲ.

ಆಕೆ ವಾರಕ್ಕೊಮ್ಮೆ ಬಂದು "ಆಯಿತೇನಪ್ಪ?" ಎಂದು ಕೇಳುತ್ತಿದ್ದರು. "ಆಧಾರ ಹುಡುಕುತ್ತಿದ್ದೇನೆ ಅಮ್ಮಾ" ಎಂದು ಇವನು ಹೇಳುತ್ತಿದ್ದ. ನಿಜವಾಗಿಯೂ ಹುಡುಕುತ್ತಿದ್ದ ಮಹರಾಯ, ಹಳೆಯ ಪತ್ರಿಕೆಗಳನ್ನೆಲ್ಲ ಜಾಲಾಡಿದ. ಒಂದು ವಾರ ಆಕೆ ಬರಲಿಲ್ಲ. ತೀರಿಕೊಂಡಿದ್ದರು.

ಹಿರಿಯರು ತೀರಿಕೊಂಡರೆ ನಾಲ್ಕು ಸಾಲು ಹಾಕುವ ಪತ್ರಿಕೆಯೊಂದು ಆ ಊರಿನಲ್ಲಿತ್ತು. ಆಕೆ ವಾರವಾರ ಇಲ್ಲಿಗೆ ಬರುತ್ತಿದ್ದರೆಂದು ತಿಳಿದು ಅದರ ವರದಿಗಾರ ವಿವರ ಕೇಳಿಕೊಂಡು ಅಂಗಡಿಗೆ ಬಂದ. ಔಷಧಿ ಅಂಗಡಿಯವನು ಅಳುತ್ತಾ, ಆಕೆ ತನಗೆ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದ. ಮರುದಿನ ಅದು ಅಚ್ಚಾಯಿತು. ಅವತ್ತೇ ಅವನು ಲೇಖನದಲ್ಲಿ ವರದಾಚಾರರ ಹೆಸರು ತೆಗೆದು ವಿಮಲಾಕ್ಷಿಯವರ ಹೆಸರು ಬರೆದ. ಕೆಳಗೆ ಪತ್ರಿಕೆಯ ತಾರೀಕು ಹಾಕಿದ. ಗೆಳೆಯರಲ್ಲಿ ಒಬ್ಬನೂ ತಕರಾರು ಮಾಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆಕೆ ಹೇಳಿದಾಗ ನಡೆಯದ್ದು, ಇವನು ಹೇಳಿದಾಗ ಹೇಗೆ ನಡೆಯಿತೋ ನನಗೆ ತಿಳಿಯುತ್ತಿಲ್ಲ. ಇರಲಿ, ಅಂತೂ ಕೊನೆಗೆ ಸತ್ಯ ಗೆದ್ದಿತಲ್ಲವೇ ಗುರುಗಳೇ?" ಎಂದ.

"ಗೆದ್ದಿತಪ್ಪ, ಎದ್ದು ಹೋಗಿ ಆಕೆಗೊಂದು ಮಾತು ತಿಳಿಸಿ ಬಾ" ಎಂದರು ಗುರುಗಳು.