ಪುರಾಣ ಕೇಳಿ ಅತ್ತ ಮೊಲ

ಹೊಳೆದಂಡೆಯ ಮಠದಲ್ಲಿ ಅಡವಯ್ಯಜ್ಜ ಎಂಬ ಗುರು ಇದ್ದ. ಸಂಜೆ ಹೊತ್ತು ಪುರಾಣ ಹೇಳುತ್ತಿದ್ದ. ಶಿಷ್ಯ ಕಲ್ಮೇಶಿ ತಾನು ಸಾಕಿದ ಬಿಳಿ ಮೊಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೇಳುತ್ತಿದ್ದ.

ಒಂದು ಸಂಜೆ ಪುರಾಣ ಮುಗಿದ ಮೇಲೆ ಕಲ್ಮೇಶಿ ಕೈಮುಗಿದು ನಿಂತ.

“ಅಜ್ಜಾರ, ನಿಮ್ಮ ಪುರಾಣ ಕೇಳಿ ಮೊಲದ ಕಣ್ಣಾಗ ನೀರು ಬಂದಾವ್ರಿ.”

“ಎರಡೂ ಕಣ್ಣಾಗೋ, ಒಂದರಾಗೋ?”

“ಬಲಗಣ್ಣಾಗ ಅಷ್ಟ ರೀ.”

“ಒಂದ ಕಣ್ಣಿನ ಭಕ್ತಿ ನಾ ಎಲ್ಲೂ ಕೇಳಿಲ್ಲ. ನಾಳೆ ದನದ ದವಾಖಾನಿಗೆ ತೋರಿಸ್ಕೊಂಡು ಬಾ.”

ಕಲ್ಮೇಶಿ ಹೂಂ ಅಂದ. ಹೋಗಲಿಲ್ಲ. ದೊಡ್ಡವರು ತಮ್ಮ ಮಹಿಮೆಯನ್ನು ತಾವೇ ಒಪ್ಪಿಕೊಳ್ಳುವುದಿಲ್ಲ ಎಂಬುದು ಅವನ ಎಣಿಕೆ. ಬದಲಿಗೆ ಊರೆಲ್ಲ ಸುದ್ದಿ ಹಬ್ಬಿಸಿ ಬಂದ.

ಮರುದಿನ ಸಂಜೆ ಅಜ್ಜ ಹೊರಗೆ ಬಂದು ನೋಡಿದರೆ ಅಂಗಳದ ತುಂಬ ಜನ; ದಿನಾ ಪುರಾಣಕ್ಕೆ ಬರುವ ನೀಲವ್ವ ಎಂದಿನಂತೆ ಕಂಬಕ್ಕೆ ಒರಗಿ ಕೂತಿದ್ದಳು. ಮಣೆಯ ಮೇಲೆ ಮೊಲ, ಅದರ ಹಣೆಗೆ ವಿಭೂತಿ, ಮೂಗಿನ ಮುಂದೆ ಊದಿನಕಡ್ಡಿ. ಬಲಗಣ್ಣು ಅರ್ಧ ಮುಚ್ಚಿತ್ತು, ಕೆನ್ನೆಯ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು.

ಅಜ್ಜನ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷ ಇವನಿಗೆ ಹೇಳಿದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತಲ್ಲ ಎನಿಸಿತು.

“ಹುಲ್ಲು ತಿಂದೈತೇನೋ?”

“ಇಲ್ರೀ ಅಜ್ಜಾರ. ಮುಂಜಾನಿಂದ ಉಪವಾಸ ಹಿಡದೈತಿ.”

“ಉಪವಾಸ ಹಿಡದೈತಂತ. ಮುಂದ ಮಂತ್ರಾನೂ ಹೇಳತೈತಿ, ಕುಂತು ಕೇಳು.”

ಅಜ್ಜ ಊದಿನಕಡ್ಡಿಯನ್ನು ನೀರಿಗೆ ಅದ್ದಿದ. ಮೊಲವನ್ನು ತನ್ನ ಶಾಲಿನಲ್ಲಿ ಸುತ್ತಿಕೊಂಡು, ಪುರಾಣ ಬಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ನಡೆದುಬಿಟ್ಟ. ಕಲ್ಮೇಶಿ ಹಿಂದೆ ಓಡಿದ.

ದವಾಖಾನೆ ಮುಚ್ಚಿತ್ತು. ಅಜ್ಜ ಡಾಕ್ಟರ ಮನೆಯ ಬಾಗಿಲನ್ನೇ ಬಡಿದ.

ಡಾಕ್ಟರು ಕಣ್ಣು ನೋಡಿ, ಬಾಯಿ ಬಿಡಿಸಿಯೂ ನೋಡಿದರು. “ಹಲ್ಲಿನ ಬೇರು ಬೆಳದು ಕಣ್ಣೀರಿನ ನಾಳ ಒತ್ತಾಕತ್ತೈತಿ. ಕೀವಾಗೇದ. ಹೊಗಿಗೆ ಇನ್ನಷ್ಟು ಕೆರಳೇದ. ಮೊಲ ನೋವು ತೋರಿಸ್ಕೊಳ್ಳೂ ಜಾತಿ ಅಲ್ಲ, ತಿನ್ನೂದು ಬಿಟ್ಟಿತಂದ್ರ ತಡಾ ಮಾಡಬಾರದು. ಇನ್ನೆರಡು ದಿನ ಬಿಟ್ಟಿದ್ರ ಕಣ್ಣ ಹೋಗತಿತ್ತು.”

ಔಷಧ ಹಾಕಿಸಿಕೊಂಡು ಹೊರಟರು. ಕಲ್ಮೇಶಿ ತಲೆ ತಗ್ಗಿಸಿ ನಡೆದ. ನಾಚಿಕೆಯೇನೋ ಆಗಿತ್ತು, ಸುಮ್ಮನಿರಲು ಮಾತ್ರ ಆಗಲಿಲ್ಲ.

“ಮೊಲದ್ದು ಭಕ್ತಿ ಅಲ್ಲ, ಒಪ್ಪಿದೆ ರೀ. ಆದ್ರ ನೀಲವ್ವ ದಿನಾ ಪುರಾಣದಾಗ ಕಂಬಕ್ಕ ಒರಗಿ ಅಳತಾಳಲ್ರಿ. ಅದಾದ್ರೂ ಭಕ್ತೀನ ಹೌದಲ್ಲ?”

ಅಜ್ಜ ದಾರಿಯಲ್ಲೇ ನಿಂತ. ಬೈಯಲು ಬಾಯಿ ತೆರೆದವನು ಮೊಲದ ಶಾಲು ಸರಿಮಾಡಿದ.

“ಆಕಿ ಇನ್ನೂ ಅಂಗಳದಾಗ ಕುಂತಿರತಾಳ. ಓಡು. ಬಾಜೂಕ ಕುಂತು, ಎಲ್ಲಿ ನೋಯತೈತಿ ಯವ್ವಾ ಅಂತ ಕೇಳು.”