ಹೆಗ್ಗಣ ಇಟ್ಟ ಗಡುವು

ಅಳಿಲು ಬಿತ್ತನೆಗೆ ಬೀಜ ಕೇಳಿತು. ಹೆಗ್ಗಣ ಒಂದು ಚಿಪ್ಪು ಬಿಳಿಜೋಳ ಸಾಲ ಕೊಟ್ಟು, "ಎಳ್ಳಮಾವಾಸ್ಯೆಗೆ ಎರಡು ಚಿಪ್ಪು ವಾಪಸ್ಸು ಬರಬೇಕು" ಎಂದಿತು. ಆಮೇಲೆ ಹೊಲದ ಕಡೆ ತಲೆಯೇ ಹಾಕಲಿಲ್ಲ.

ಗಡುವಿನ ದಿನ ಬೆಳಗ್ಗೆಯೇ ಹೆಗ್ಗಣ ಬಂದು ನಿಂತಿತು.

"ಮಾವಾ, ಕಾಳಲ್ಲಿ ಇನ್ನೂ ಹಾಲಿದೆ, ಬಲಿತಿಲ್ಲ. ಶಿವರಾತ್ರಿವರೆಗೆ ತಡೀರಿ" ಎಂದಿತು ಅಳಿಲು.

"ಮಾತು ಅಂದರೆ ಮಾತು. ಅಳೆ!"

ಅಳಿಲು ಎಳೆ ತೆನೆಗಳನ್ನು ಕೊಯ್ದು ಎರಡು ಚಿಪ್ಪು ತುಂಬಿಸಿತು. ಹೊಲದಲ್ಲಿ ಉಳಿದದ್ದು ಒಂದೇ ತೆನೆ.

ಶಿವರಾತ್ರಿಗೆ ಹೆಗ್ಗಣ ಬಿಲದ ಕಣಜ ತೆಗೆದರೆ ಕಾಳೆಲ್ಲ ಸುರುಟಿ ಜೊಳ್ಳಾಗಿತ್ತು; ಮೂಗಿನ ಉಸಿರಿಗೇ ಹಾರಿತು. ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿ ಹೊಲಕ್ಕೆ ಓಡಿತು.

"ನಾನು ಕೊಟ್ಟ ಬೀಜ ಗಟ್ಟಿಯಿತ್ತಲ್ಲ! ಏನು ಮಾಟ ಮಾಡಿದೆ?"

ಅಳಿಲು ಉಳಿದ ತೆನೆಯನ್ನು ಬಗ್ಗಿಸಿ ಹಿಡಿಯಿತು. "ಇದೂ ಅದೇ ಬೀಜದ ಬೆಳೆ. ಕಚ್ಚಿ ನೋಡಿ."

ಹೆಗ್ಗಣ ಕಚ್ಚಿತು. ಕಾಳು ಕಟ್ ಎಂದಿತು. ನಂಬದೆ ಇನ್ನೊಂದು ಕಚ್ಚಿತು. ಅದೂ ಕಟ್ ಎಂದಿತು. ಹೆಗ್ಗಣ ಬಾಲ ಎಳೆದುಕೊಂಡು ಮನೆಗೆ ಹೋಯಿತು.

ಮರುವರ್ಷ ಬೀಜ ಅಳೆಸಿಕೊಳ್ಳುತ್ತ ಅಳಿಲು ಕೇಳಿತು, "ಗಡುವು ಯಾವತ್ತು, ಮಾವಾ?"

"ನನ್ನನ್ನೇನು ಕೇಳುತ್ತೀ? ಕಾಳು ಹಲ್ಲಿಗೆ ಕಟ್ ಎಂದ ದಿನ ಕೂಗು, ಬರುತ್ತೇನೆ" ಎಂದಿತು ಹೆಗ್ಗಣ.