ಕಾತ್ಯಾಯಿನಿಯ ಹಿಂದಿನ ಚಕ್ರ

ಕಪಿಲೆಯ ದಂಡೆಯಲ್ಲಿ ಭಾಗೀರಥಮ್ಮ ಎಂಬ ಗುರು ಇದ್ದರು. ಹಿಂದೆ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು, ನಿವೃತ್ತಿಯಾದ ಮೇಲೆ ಹೊಳೆಯಲ್ಲಿ ಈಜು ಕಲಿಸುತ್ತಿದ್ದರು. ಅವರಿಗೆ ಮಾತು ಕಡಿಮೆ, ತಾಳ್ಮೆ ಅದಕ್ಕಿಂತ ಕಡಿಮೆ.

ವಾರಿಜಾ ಅವರ ಶಿಷ್ಯೆ. ಮೈಸೂರಿನಲ್ಲಿ ಹಲ್ಲಿನ ಡಾಕ್ಟರು. ನಲವತ್ತು ದಾಟಿದ ಮೇಲೆ ಅವಳಿಗೆ ಟ್ರಯಥ್ಲಾನ್ ಹುಚ್ಚು ಹಿಡಿದಿತ್ತು. ಮೊದಲು ಈಜಬೇಕು, ನೀರಿನಿಂದ ಎದ್ದು ಸೈಕಲ್ ತುಳಿಯಬೇಕು, ಸೈಕಲ್ ಇಳಿದು ಓಡಬೇಕು. ನಡುವೆ ಉಸ್ಸಪ್ಪಾ ಎಂದು ಕೂರುವಂತಿಲ್ಲ.

ಆ ವರ್ಷ ಹವ್ಯಾಸಿಗಳ ವಿಶ್ವ ಚಾಂಪಿಯನ್‌ಶಿಪ್‌ಗೆ ಅವಳು ಆಯ್ಕೆಯಾದಳು. ಹುಬ್ಬಳ್ಳಿಯ ಕಾತ್ಯಾಯಿನಿಯೂ ಆಯ್ಕೆಯಾದಳು.

ತೊಂದರೆ ಅದೇ. ವಾರಿಜಾ ಎಲ್ಲಿ ಸ್ಪರ್ಧಿಸಿದರೂ ಕಾತ್ಯಾಯಿನಿ ಅವಳಿಗಿಂತ ಸ್ವಲ್ಪ ಮುಂದೆ ಇರುತ್ತಿದ್ದಳು. ತುಂಬ ಮುಂದೆ ಅಲ್ಲ, ಕೈಗೆ ಸಿಕ್ಕೇ ಬಿಟ್ಟಳು ಅನ್ನುವಷ್ಟು.

“ಅಮ್ಮಾ, ಕಾತ್ಯಾಯಿನಿ ಹೊಸ ಸೈಕಲ್ ತಗೊಂಡಿದ್ದಾಳೆ.”

“ನೀರಿಗಿಳಿ.”

“ಅವಳಿಗೆ ಕಲಿಸೋರು ಪುಣೆಯಿಂದ ಬರ್ತಾರಂತೆ.”

“ನೀರಿಗಿಳಿ ಅಂದೆ.”

“ಅನ್ನ ಬಿಟ್ಟಿದ್ದಾಳಂತಮ್ಮಾ. ನಾನೂ ಬಿಡ್ಲಾ?”

ಭಾಗೀರಥಮ್ಮ ಹಣೆ ಚಚ್ಚಿಕೊಂಡರು. “ಅನ್ನ ತಿನ್ನು ಮಾರಾಯ್ತಿ. ಅವಳ ಸುದ್ದಿ ಬಿಡು.”

ಇನ್ನೊಂದು ದಿನ ವಾರಿಜಾ ಹೊಸ ಭಯ ಹೊತ್ತು ಬಂದಳು.

“ಅಲ್ಲಿ ನೂರಾರು ಜನ ಒಟ್ಟಿಗೆ ಸಮುದ್ರಕ್ಕೆ ಬೀಳ್ತಾರೆ. ಒದೀತಾರೆ, ಮೈಮೇಲೇ ಹತ್ತಿ ಹೋಗ್ತಾರೆ. ನಾನೇನ್ ಮಾಡ್ಲಿ?”

ಆಚೆ ಎಮ್ಮೆಗಳನ್ನು ಹೊಳೆಗೆ ಬಿಟ್ಟಿದ್ದರು. ಭಾಗೀರಥಮ್ಮ ಅತ್ತ ಬೆರಳು ತೋರಿಸಿದರು.

“ಅವುಗಳ ನಡುವೆ ಹಾದು ಆ ಕಡೆಗೆ ಹೋಗು. ಹಾಗೇ ವಾಪಸ್ ಬಾ.”

ವಾರಿಜಾ ಹೋಗಿ ಬಂದಳು. ಮೈತುಂಬ ಕೆಸರು, ಮುಖ ಕೆಂಪು.

“ಬಾಲದಲ್ಲಿ ಕಪಾಳಕ್ಕೆ ಹೊಡೀತು!”

“ಅದಕ್ಕೆ ನಿನ್ ಮೇಲೆ ಏನಾದ್ರೂ ದ್ವೇಷ ಇತ್ತಾ?”

“ಇಲ್ಲ.”

“ಅಲ್ಲಿ ಒದಿಯೋರಿಗೂ ಇರಲ್ಲ.”

ವಾರಿಜಾ ಸ್ವಲ್ಪ ಯೋಚಿಸಿದಳು. “ಕಾತ್ಯಾಯಿನಿಗೆ ಇರಬಹುದು.”

ಭಾಗೀರಥಮ್ಮ ಎದ್ದು ಮನೆಗೆ ಹೋಗಿಬಿಟ್ಟರು.

ಹೊರಡುವ ಹಿಂದಿನ ದಿನ ವಾರಿಜಾ ಕಾಲಿಗೆ ನಮಸ್ಕಾರ ಮಾಡಿದಳು. “ಏನಾದ್ರೂ ಒಂದು ಮಾತು ಹೇಳಿ ಅಮ್ಮಾ.”

“ವಿಮಾನದಲ್ಲಿ ನಿದ್ದೆ ಮಾಡು.”

“ಅಷ್ಟೇನಾ?”

“ಅಷ್ಟೇ.”

ಸ್ಪರ್ಧೆ ನಡೆದದ್ದು ದೂರದ ಒಂದು ದ್ವೀಪದಲ್ಲಿ. ಸಮುದ್ರದಲ್ಲಿ ಯಾರದೋ ಹಿಮ್ಮಡಿ ವಾರಿಜಾಳ ದವಡೆಗೆ ಬಡಿಯಿತು. ಅವಳು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಈಜಿ ದಡ ಸೇರಿದಳು.

ಸೈಕಲ್ ಹತ್ತಿದ ಸ್ವಲ್ಪ ಹೊತ್ತಿಗೆ ಮುಂದೆ ಕಾತ್ಯಾಯಿನಿ ಕಂಡಳು.

ಆ ಸ್ಪರ್ಧೆಗೆ ಒಂದು ನಿಯಮವಿತ್ತು. ಮುಂದಿನವರ ಬೆನ್ನ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಸೈಕಲ್ ತುಳಿಯುವಂತಿಲ್ಲ. ದಾಟಿ ಹೋಗಬೇಕು, ಇಲ್ಲವೇ ಹಿಂದೆ ಸರಿಯಬೇಕು. ವಾರಿಜಾ ಎರಡನ್ನೂ ಮಾಡಲಿಲ್ಲ. ಕಾತ್ಯಾಯಿನಿಯ ಹಿಂದಿನ ಚಕ್ರದ ಮೇಲೆ ಕಣ್ಣು ನೆಟ್ಟು ತುಳಿದಳು.

ಮೋಟಾರ್ ಬೈಕಿನಲ್ಲಿ ಬಂದ ತೀರ್ಪುಗಾರ ಸೀಟಿ ಊದಿದ. ರಸ್ತೆ ಬದಿಯ ಡೇರೆಯಲ್ಲಿ ಐದು ನಿಮಿಷ ನಿಲ್ಲುವ ಶಿಕ್ಷೆ.

ಡೇರೆಯಲ್ಲಿದ್ದ ಹೆಂಗಸಿಗೆ ವಾರಿಜಾ ಕನ್ನಡದಲ್ಲೇ ಬಾಯಿಗೆ ಬಂದಂತೆ ಬೈದಳು. ಆಕೆಗೆ ಒಂದಕ್ಷರವೂ ತಿಳಿಯಲಿಲ್ಲ. ಪಾಪ, ಬಾಯಾರಿಕೆ ಇರಬೇಕೆಂದು ನೀರು ಕೊಟ್ಟಳು.

ಹಿಂದಿದ್ದವರೆಲ್ಲ ಕಣ್ಣೆದುರೇ ದಾಟಿ ಹೋದರು. ಬಿಡುಗಡೆಯಾಗುವ ಹೊತ್ತಿಗೆ ರಸ್ತೆ ಖಾಲಿಯಾಗಿತ್ತು. ವಾರಿಜಾ ಉಳಿದದ್ದನ್ನು ತುಳಿದಳು, ಓಡಿದಳು, ಮುಗಿಸಿದಳು. ಕಾತ್ಯಾಯಿನಿ ಆಗಲೇ ಬಟ್ಟೆ ಬದಲಾಯಿಸಿ ಬಾಳೆಹಣ್ಣು ತಿನ್ನುತ್ತಿದ್ದಳು.

ಊರಿಗೆ ಬಂದವಳೇ ವಾರಿಜಾ ನೆಟ್ಟಗೆ ಹೊಳೆಯ ದಂಡೆಗೆ ಹೋದಳು.

“ಅನ್ಯಾಯ ಅಮ್ಮಾ! ಶುದ್ಧ ಅನ್ಯಾಯ!”

ಭಾಗೀರಥಮ್ಮ ಎಲ್ಲವನ್ನೂ ಕೇಳಿದರು. “ಅವಳ ಹಿಂದೆ ಅಂಟ್ಕೊಂಡಿದ್ದೆಯಾ ಇಲ್ವಾ?”

“ಇದ್ದೆ.”

“ಮತ್ತೆ ಅನ್ಯಾಯ ಯಾವ್ದು?”

“ಹಿಂದೆ ಸರಿಯೋಕೆ ಮನಸ್ಸೇ ಬರ್ಲಿಲ್ಲ.”

“ದಾಟಬೇಕಿತ್ತು. ಕಾಲಲ್ಲಿ ಕಸುವಿರ್ಲಿಲ್ವಾ?”

ವಾರಿಜಾ ನೀರು ನೋಡಿದಳು. “ಇತ್ತು.”

“ಇತ್ತಾ! ಮತ್ತೇನು ರೋಗ ನಿಂಗೆ?”

“ದಾಟಿಬಿಟ್ರೆ ಆಮೇಲೆ ಯಾರನ್ನ ನೋಡ್ಕೊಂಡು ತುಳೀಲಿ ಅನ್ನಿಸ್ತು.”

ಬೈಯಲು ತೆರೆದಿದ್ದ ಬಾಯನ್ನು ಭಾಗೀರಥಮ್ಮ ಮುಚ್ಚಿದರು. ಬೇರೆಯದೇ ಕೇಳಿದರು. “ರಸ್ತೆ ಹೇಗಿತ್ತು?”

“ಯಾವ ರಸ್ತೆ?”

“ನೀನು ಸೈಕಲ್ ತುಳಿದ ರಸ್ತೆ ಕಣೇ.”

“ಡೇರೆ ತನಕ ನೋಡ್ಲಿಲ್ಲ.”

“ಡೇರೆ ಆದ್ಮೇಲೆ?”

ವಾರಿಜಾಳ ದನಿ ತಗ್ಗಿತು. “ಏರು ರಸ್ತೆ. ಎದುರುಗಾಳಿ, ತೊಡೆ ಉರೀತಿತ್ತು. ಒಂದು ತಿರುವಿನಲ್ಲಿ ಅಜ್ಜಿಯೊಬ್ಬಳು ಪಾತ್ರೆ ಬಡೀತಾ ಕೂಗ್ತಾ ಇದ್ಲು. ಅಲ್ಲಿ ಇದ್ದದ್ದು ನಾನೊಬ್ಬಳೇ. ನನಗೇ ಕೂಗಿರಬೇಕು. ಬಲಕ್ಕೆ ಸಮುದ್ರ ಇತ್ತು ಅಮ್ಮಾ. ಮೊದಲಿಂದ್ಲೂ ಇತ್ತಂತೆ. ಯಾಕೋ ನಗು ಬಂತು. ಆಮೇಲೆ ಜೋರಾಗಿ ತುಳಿದೆ. ಯಾವತ್ತೂ ಹಾಗೆ ತುಳಿದಿರ್ಲಿಲ್ಲ.”

ಹೊಳೆ ಹರಿಯುತ್ತಿತ್ತು.

ಅಷ್ಟರಲ್ಲಿ ವಾರಿಜಾಗೆ ಮತ್ತೆ ಹೊಟ್ಟೆ ಉರಿಯಿತು. “ಆದ್ರೂ ಆ ಐದು ನಿಮಿಷ ಹಾಳಾಯ್ತಲ್ಲಮ್ಮಾ! ಡೇರೇಲಿ ನಿಂತದ್ದನ್ನ ಕಳೆದು ನೋಡಿದ್ರೆ ನಾನು...”

“ಕಳೆಯೋದಾದ್ರೆ ಡೇರೆಗಿಂತ ಮುಂಚಿಂದೆಲ್ಲಾ ಕಳೆ,” ಎಂದರು ಭಾಗೀರಥಮ್ಮ. “ಅಲ್ಲೀ ತನಕ ನೀನು ತುಳಿದದ್ದು ಕಾತ್ಯಾಯಿನಿಯ ಸೈಕಲ್ಲು.”